ಕೈ ತೋರಿಸು

ನನ್ನ ಕೆಲಸ ಮಕ್ಕಳ ಹೇಲು ಬಾಚುವುದಾಗಿತ್ತು. ಕೆಲಸಕ್ಕೆ ಸೇರಿಸಿಕೊಂಡ ಪತ್ರದಲ್ಲಿ 'ಆರೈಕೆ ಸಹಾಯಕಿ' ಎಂದು ಬರೆದಿದ್ದರು. ಬರೆದವರು ಒಂದು ದಿನವೂ ಬಾಚಿದವರಲ್ಲ.

ನಾನಿದ್ದ ಡೇ ಕೇರ್‌ನಲ್ಲಿ ಮೂರು ವರ್ಷದೊಳಗಿನ ಇಪ್ಪತ್ತೆರಡು ಮಕ್ಕಳಿದ್ದವು. ಹಾಡು ಹೇಳಿಕೊಡಲು ಇಬ್ಬರು ಟೀಚರು. ಹಾಲು ಕಾಯಿಸಿ ಹಣ್ಣು ಹೆಚ್ಚಿಕೊಡಲು ಅಡಿಗೆಯಕ್ಕ. ಕುಂಡೆ ತೊಳೆಯಲು ನಾನೊಬ್ಬಳೇ. ಟೀಚರುಗಳ ಫೋಟೋ ಮುಂಬಾಗಿಲ ಗೋಡೆಯ ಮೇಲೆ ನಗುತ್ತಿತ್ತು. ಅಡಿಗೆಯಕ್ಕನದೂ ನನ್ನದೂ ಇರಲಿಲ್ಲ. ನಾವು ಹಿಂಬಾಗಿಲಿನವರು.

ಆಟದ ಹಾಲಿನ ಹಿಂದೆ ಒಂದು ಇಕ್ಕಟ್ಟು ಕೋಣೆ. ಎಲ್ಲರೂ ಅದನ್ನು ಒರೆಸೋ ರೂಮು ಎನ್ನುತ್ತಿದ್ದರು. ಕಿಟಕಿ ಇಲ್ಲ. ಸೊಂಟದೆತ್ತರದ ಒಂದು ಮೇಜು, ಅದರ ಮೇಲೆ ರೆಕ್ಸಿನ್ ಹಾಸು. ಹಾಸಿನ ಒಂದು ಮೂಲೆ ಹರಿದು ಒಳಗಿನ ಸ್ಪಂಜು ಹೊರಗೆ ಬಂದಿತ್ತು. ಆ ಸ್ಪಂಜು ಏನೇನು ಕುಡಿದಿದೆ ಎಂಬುದು ನನಗೊಬ್ಬಳಿಗೇ ಗೊತ್ತು. ಕಾಲಲ್ಲಿ ಒತ್ತಿ ತೆರೆಯುವ ಕಸದ ಡಬ್ಬಿ. ಒತ್ತುವ ಪಟ್ಟಿ ಮುರಿದು ವರ್ಷವಾಗಿತ್ತು. ಮುಚ್ಚಳವನ್ನು ಕೈಯಲ್ಲೇ ಎತ್ತಬೇಕು. ಗೋಡೆಗೆ ಒಂದು ಸಿಂಕು, ಒಂದು ನಲ್ಲಿ. ಮಗುವನ್ನು ಎತ್ತು, ಮಲಗಿಸು, ಎರಡೂ ಪಾದ ಒಂದೇ ಕೈಯಲ್ಲಿ ಹಿಡಿ, ಬಿಚ್ಚು, ಒರೆಸು, ತೊಳೆ, ಕಟ್ಟು, ಇಳಿಸು. ದಿನಕ್ಕೆ ಅರವತ್ತು ಸಲ. ಹನ್ನೆರಡು ಕಿಲೋದ ಮಗು ಅರವತ್ತನೆಯ ಸಲಕ್ಕೆ ಹನ್ನೆರಡು ಕಿಲೋ ಇರುವುದಿಲ್ಲ. ನನ್ನ ಸೊಂಟವನ್ನು ಕೇಳಿ, ಹೇಳುತ್ತದೆ.

ಸೆಂಟರಿನ ಒಡತಿಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ನಾನೂ ಅಡಿಗೆಯಕ್ಕನೂ ಅವಳಿಗೆ ಇಟ್ಟ ಹೆಸರು ಬೆಲ್ಲದಬಾಯಿ. ಅವಳು ಯಾರನ್ನೂ ಬಯ್ಯುವುದಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಾಳೆ. ಮಾತು ಮುಗಿಯುವಷ್ಟರಲ್ಲಿ ನಮ್ಮ ರಜೆಯೋ ಊಟದ ಹೊತ್ತೋ ಹೋಗಿರುತ್ತದೆ. ನನ್ನ ಮಗಳಿಗೆ ವರ್ಷ ತುಂಬಿದಾಗ, ಕೆಲಸಕ್ಕೆ ಬರುವಾಗ ಅವಳನ್ನೂ ಕರೆತರಲೇ ಎಂದು ಕೇಳಿದ್ದೆ. ಮೂಲೆಯಲ್ಲಿ ಕೂತಿರುತ್ತಾಳೆ ಎಂದಿದ್ದೆ.

"ನನಗೇನೂ ಇಲ್ಲ ಕಣಮ್ಮ. ನನ್ನ ಮನಸ್ಸಲ್ಲಿ ಎಲ್ಲ ಮಕ್ಕಳೂ ಒಂದೇ. ಆದ್ರೆ ಹೆತ್ತವರು ಒಪ್ಪಲ್ಲ ನೋಡು."

ಹೆತ್ತವರು ಎಂದರೆ ಕಾರಿನಲ್ಲಿ ಬಂದು ಇಳಿಸಿ ಹೋಗುವವರು. ನಾನು ಹೆತ್ತದ್ದು ಲೆಕ್ಕಕ್ಕಿಲ್ಲ. ಮಗಳು ಅತ್ತೆಯ ಜೊತೆ ಮನೆಯಲ್ಲೇ ಉಳಿದಳು. ಗಂಡ ಬಣ್ಣ ಬಳಿಯುವವನು. ಕೆಲಸ ಎಲ್ಲಿದೆಯೋ ಅಲ್ಲಿರುತ್ತಾನೆ. ಆಗ ಆರು ಗಂಟೆ ದೂರದ ಊರಲ್ಲಿದ್ದ.

ಅದಾಗಿ ಎರಡು ತಿಂಗಳಿಗೆ ಒರೆಸೋ ರೂಮಿನ ಪೈಪು ನೆಲದೊಳಗೆ ಸೋರಿತು. ಆಟದ ಹಾಲಿನ ರಬ್ಬರು ಹಾಸು ಒಂದು ಕಡೆ ಉಬ್ಬಿತು. ನೆಲ ಅಗೆಯಬೇಕು, ಮೂರು ದಿನ ಸೆಂಟರ್ ಮುಚ್ಚಬೇಕು ಎಂದ ಪ್ಲಂಬರ್. ಬೆಲ್ಲದಬಾಯಿ ನೆಲ ಅಗೆಸಲಿಲ್ಲ. ಆ ರೂಮಿನ ನೀರಿನ ವಾಲ್ವ್ ಮುಚ್ಚಿಸಿದಳು.

"ಹೊರಗಡೆ ಗಿಡಕ್ಕೆ ಹಾಕೋ ನಲ್ಲಿ ಇದೆಯಲ್ಲ, ಎರಡು ಬಕೆಟ್ ತಂದಿಟ್ಕೊ. ಅಡಿಗೆಮನೆ ಒಳಗೆ ಆ ಬಕೆಟ್ ಬೇಡ. ಕೈಗೆ ಇದು." ಹಣ್ಣಿನ ವಾಸನೆಯ ಸ್ಯಾನಿಟೈಸರ್ ಬಾಟಲಿ ಕೊಟ್ಟಳು. "ಎರಡು ತೊಟ್ಟು ಹಾಕಿ ಉಜ್ಜಿದ್ರೆ ಸಾಕು. ದೊಡ್ಡ ದೊಡ್ಡ ಆಸ್ಪತ್ರೇಲೂ ಇದೇ."

"ಹೇಲಾದ ಕೈಗೆ ನೀರು ಬೇಕು ಮೇಡಂ. ಸೋಪು ಬೇಕು."

"ಛೀ, ಎಂಥ ಮಾತು! ಮಕ್ಕಳು ಕೇಳಿಸ್ಕೊಳ್ತಾರೆ."

ಅವಳಿಗೆ ಆ ಮಾತು ಗಲೀಜು. ಆ ಕೈ ಗಲೀಜಲ್ಲ.

ಮುಂಬಾಗಿಲ ಒಳಗೆ ಒಂದು ಪುಟ್ಟ ಕಾರಂಜಿ ಇತ್ತು, ಹೆತ್ತವರ ಕಣ್ಣು ತಂಪಾಗಲೆಂದು. ಅದರ ನೀರು ಬೆಳಗಿನಿಂದ ಸಂಜೆಯವರೆಗೆ ಚಿಮ್ಮುತ್ತಿತ್ತು. ನಾನು ಅದರ ಪಕ್ಕದಲ್ಲೇ ಬಕೆಟ್ ಹಿಡಿದು ಅಂಗಳಕ್ಕೆ ಹೋಗಿ ಬರುತ್ತಿದ್ದೆ. ಎರಡು ಬಕೆಟ್ ನೀರು ಹನ್ನೊಂದು ಗಂಟೆಗೆ ಮುಗಿಯುತ್ತಿತ್ತು. ಮತ್ತೆ ತರಲು ಹೋದರೆ ಒದ್ದೆಯಾದ ಮಕ್ಕಳು ಸಾಲುಗಟ್ಟಿ ಅಳುತ್ತಿದ್ದವು. ಟೀಚರುಗಳು ಬಾಗಿಲಲ್ಲಿ ನಿಂತು, "ಆಯಾ, ಎಲ್ಲಿ ಹೋದೆ?" ಎಂದು ರಾಗ ಎಳೆಯುತ್ತಿದ್ದರು. ಅವರ ಹಾಡಿಗಿಂತ ಆ ರಾಗವೇ ಚೆನ್ನಾಗಿತ್ತು.

ಒಂದು ಸೋಮವಾರ ದೊರೆಮಗನಿಗೆ ಭೇದಿ ಶುರುವಾಯಿತು.

ದೊರೆಮಗ ಎಂದರೆ ಬೆಲ್ಲದಬಾಯಿಯ ಮೊಮ್ಮಗ. ಎರಡೂವರೆ ವರ್ಷ. ಯಾವ ಮಗುವಿನ ಕೈಯಲ್ಲಿ ಏನಿದ್ದರೂ ಕಿತ್ತುಕೊಳ್ಳುವ ಹಕ್ಕು ಅವನಿಗಿತ್ತು. ಅದಕ್ಕೇ ಆ ಹೆಸರು. ಅವನ ಡಯಾಪರ್ ಬಿಚ್ಚಿದೆ. ನೀರಿನಂತೆ ಹೋಗಿತ್ತು. ಅದರಲ್ಲಿ ಲೋಳೆ, ಲೋಳೆಯಲ್ಲಿ ರಕ್ತದ ಎಳೆ. ಮಕ್ಕಳ ಹೊಟ್ಟೆಯ ವಿಷಯ ಅವರ ತಾಯಂದಿರಿಗಿಂತ ನನಗೆ ಚೆನ್ನಾಗಿ ಗೊತ್ತು. ಹಾಲು ಒಗ್ಗದ್ದು ಹೇಗಿರುತ್ತದೆ, ಹೆಚ್ಚು ಹಣ್ಣು ತಿಂದದ್ದು ಹೇಗಿರುತ್ತದೆ, ಎಲ್ಲ ಗೊತ್ತು. ಇದು ಅವೆರಡೂ ಅಲ್ಲ. ಡಯಾಪರನ್ನು ಹಾಗೇ ಮಡಿಚಿ ಮೇಡಂ ಕೋಣೆಗೆ ಒಯ್ದೆ.

"ಅಯ್ಯೋ, ಇದನ್ನ ಇಲ್ಲಿಗೆ ಯಾಕೆ ತಂದೆ?"

"ರಕ್ತ ಬಿದ್ದಿದೆ ಮೇಡಂ. ಆಮಶಂಕೆ ಥರ ಕಾಣ್ತಿದೆ. ಮನೆಗೆ ಕಳ್ಸಿ."

"ಹಲ್ಲು ಬರ್ತಿದೆ ಕಣಮ್ಮ ಅವನಿಗೆ. ಹಲ್ಲು ಬರುವಾಗ ಹೀಗೇ."

"ಬಂದಾಗಿದೆ ಮೇಡಂ. ಹೋದ ವಾರ ನನ್ನ ಕೈ ಕಚ್ಚಿದಾನೆ, ನೋಡಿ."

ಅವಳು ನೋಡಲಿಲ್ಲ. ಅವಳ ಹಿಂದಿನ ಗೋಡೆಯಲ್ಲಿ ಕಟ್ಟು ಹಾಕಿದ ನಿಯಮಗಳಿದ್ದವು. ಭೇದಿ ನಿಂತ ಮೇಲೂ ಮಗು ಎರಡು ದಿನ ಮನೆಯಲ್ಲಿರಬೇಕು ಎಂಬುದು ನಾಲ್ಕನೆಯ ನಿಯಮ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು, ಮೊಮ್ಮಗನನ್ನು ಎಲ್ಲಿ ಬಿಡುವುದು? ದೊರೆಮಗ ಆಟದ ಹಾಲಿಗೆ ಮರಳಿದ. ಅವನು ಬಾಯಿಗಿಟ್ಟ ಆಟಿಕೆ ಆನೆ ಮುಂದಿನ ಮಗುವಿನ ಬಾಯಿಗೆ ಹೋಯಿತು. ನಾನು ಎರಡು ತೊಟ್ಟು ಹಣ್ಣಿನ ವಾಸನೆ ಹಾಕಿಕೊಂಡು ಮುಂದಿನ ಮಗುವಿನ ಪಾದ ಹಿಡಿದೆ.

ಗುರುವಾರದ ಹೊತ್ತಿಗೆ ನಾಲ್ಕು ಮಕ್ಕಳು. ಶುಕ್ರವಾರ ಸಂಜೆ ಬೆಲ್ಲದಬಾಯಿ ಅಡಿಗೆಮನೆಗೆ ಬಂದು ದೊರೆಮಗನ ಲೋಟ, ಚಮಚ, ಹಾಲಿನ ಬಾಟಲಿ ಎಲ್ಲ ಬೇರೆ ಮಾಡಿಸಿದಳು. ಅವನ ಆಟಿಕೆಗಳೂ ಬೇರೆ ಬುಟ್ಟಿಗೆ ಹೋದವು. ಅವನದು ಸೂಕ್ಷ್ಮ ಮೈ, ಬೇರೆ ಮಕ್ಕಳಿಂದ ಏನೂ ಅಂಟಬಾರದು ಎಂದಳು. ಅಡಿಗೆಯಕ್ಕ ಪಾತ್ರೆ ಉಜ್ಜುತ್ತ ನನ್ನ ಕಡೆ ಕಣ್ಣು ಮಿಟುಕಿಸಿದಳು. "ದೊರೆಮಗನ ಹೇಲೂ ಬೇರೆ ಬಣ್ಣ ಇರ್ಬೇಕು ಕಣೇ," ಎಂದಳು. ಇಬ್ಬರೂ ನಕ್ಕೆವು. ನಗಬಾರದಿತ್ತು.

ಮುಂದಿನ ಸೋಮವಾರಕ್ಕೆ ಒಂಬತ್ತು ಮಕ್ಕಳು. ಬುಧವಾರಕ್ಕೆ ಹನ್ನೊಂದು.

ಅರವತ್ತು ಸಲ ಬಗ್ಗುತ್ತಿದ್ದವಳು ತೊಂಬತ್ತು ಸಲ ಬಗ್ಗಿದೆ. ಡಯಾಪರ್ ತಡೆಯುತ್ತಿರಲಿಲ್ಲ. ಮಕ್ಕಳ ಬೆನ್ನಿನವರೆಗೆ, ನನ್ನ ಮೊಣಕೈವರೆಗೆ ಹರಿಯುತ್ತಿತ್ತು. ಉಜ್ಜಿ ಉಜ್ಜಿ ಮಕ್ಕಳ ಚರ್ಮ ಕೆಂಪಾಗಿತ್ತು. ಒರೆಸಲು ಹೋದರೆ ನನ್ನ ಮುಖ ನೋಡಿ ಮೊದಲೇ ಅಳುತ್ತಿದ್ದವು. ಹೆತ್ತವರು ಬೆಳಿಗ್ಗೆ ಮಗುವಿಗೆ ಜ್ವರದ ಔಷಧಿ ಕುಡಿಸಿ, ಮುಖಕ್ಕೆ ಪೌಡರು ಹಚ್ಚಿ ತಂದು ಬಿಡುತ್ತಿದ್ದರು. ಹತ್ತು ಗಂಟೆಗೆ ಔಷಧಿ ಇಳಿಯುತ್ತಿತ್ತು, ಜ್ವರ ಏರುತ್ತಿತ್ತು. ಒಬ್ಬಾಕೆ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಮಗುವನ್ನು ನನ್ನ ಕೈಗಿಡುವಾಗ ನನ್ನ ಕಣ್ಣು ತಪ್ಪಿಸಿದಳು. "ರಾತ್ರಿ ಸ್ವಲ್ಪ ಲೂಸ್ ಆಯ್ತು ಆಯಾ, ಈಗ ಸರಿಯಾಗಿದೆ," ಎಂದಳು. ಮಗುವಿನ ಕುಂಡೆ ನನ್ನ ಕೈಗೆ ಬಿಸಿಯಾಗಿ, ಒದ್ದೆಯಾಗಿ ತಾಗುತ್ತಿತ್ತು. ಅವಳಿಗೆ ರಜೆ ಸಿಗುವುದಿಲ್ಲ ಎಂದು ನನಗೆ ಗೊತ್ತು. ನನಗೂ ಸಿಗುವುದಿಲ್ಲ. ನಾನು ಸುಳ್ಳು ಹೇಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಮಂಗಳವಾರ ರಾತ್ರಿ ನನ್ನ ಮಗಳಿಗೆ ಶುರುವಾಯಿತು.

ಅವಳಿಗೆ ಒಂದೂವರೆ ವರ್ಷ. ಅತ್ತೆ ಅವಳನ್ನು ಕರೆಯುವುದೇ ಬಜಾರಿ ಎಂದು. ಕಿರುಚಿದರೆ ಮೂರು ಮನೆಗೆ ಕೇಳುತ್ತದೆ. ಪ್ರತಿದಿನ ಗಿಡದ ನಲ್ಲಿಯಲ್ಲಿ ಮೊಣಕೈವರೆಗೆ ತೊಳೆದುಕೊಂಡೇ ನಾನು ಮನೆಗೆ ಹೋಗುತ್ತಿದ್ದೆ. ಆದರೆ ಸೆರಗು? ಉಗುರಿನ ಸಂದಿ? ನಾನು ಬಾಗಿಲು ದಾಟುವ ಮೊದಲೇ ಬಂದು ಕಾಲಿಗೆ ಜೋತುಬೀಳುವ ಮಗುವಿಗೆ 'ತಡಿ' ಎಂದು ಹೇಗೆ ಹೇಳುವುದು?

"ಊರ ಮಕ್ಕಳ ಕುಂಡೆ ತೊಳ್ದು ಕೊನೆಗೆ ಇದನ್ನ ತಂದ್ಯಾ ಮನೆಗೆ!" ಅತ್ತೆ ಹಣೆ ಚಚ್ಚಿಕೊಂಡರು. ಆಮೇಲೆ ಅವರೇ ರಾತ್ರಿಯಿಡೀ ಮಗುವನ್ನು ಹೆಗಲಿಂದ ಇಳಿಸಲಿಲ್ಲ. ಬುಧವಾರ ಬೆಳಿಗ್ಗೆ ನಾನು ರಜೆ ಕೇಳಿ ಫೋನ್ ಮಾಡಿದರೆ, ಹನ್ನೊಂದು ಮಕ್ಕಳಿಗೆ ಹುಷಾರಿಲ್ಲದಾಗ ನೀನು ಹೀಗೆ ಮಾಡಬಹುದೇ ಎಂದಳು ಬೆಲ್ಲದಬಾಯಿ. ಹೋದೆ. ಸಂಜೆ ಬಂದು ನೋಡಿದರೆ ಬಜಾರಿಯ ಬಾಯಲ್ಲಿ ಕೂಗಿಲ್ಲ. ಕಣ್ಣು ಗುಳಿ ಬಿದ್ದಿತ್ತು. ಅಳುತ್ತಿದ್ದಳು, ಕಣ್ಣಲ್ಲಿ ನೀರು ಬರುತ್ತಿರಲಿಲ್ಲ. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಹಾಗೇ ನಿಲ್ಲುತ್ತಿತ್ತು. ಎತ್ತಿಕೊಂಡು ಸರ್ಕಾರಿ ಆಸ್ಪತ್ರೆಗೆ ಓಡಿದೆವು.

ಅಲ್ಲಿ ಒಂದು ಮಂಚಕ್ಕೆ ಎರಡು ಮಕ್ಕಳು. ಡ್ರಿಪ್ ಹಾಕಲು ಕೈಯಲ್ಲಿ ನರ ಸಿಗಲಿಲ್ಲ. ಪಾದದಲ್ಲಿ ಹುಡುಕಿದರು. ನಾಲ್ಕನೆಯ ಸಲ ಚುಚ್ಚಿದಾಗ ಸಿಕ್ಕಿತು. ಗುರುವಾರ ಬೆಳಿಗ್ಗೆ ಡಾಕ್ಟರು ನನ್ನನ್ನು ಕರೆದು ಕೇಳಿದರು.

"ನೋಡಮ್ಮ, ನೀನು ಕೆಲಸ ಮಾಡೋ ಕಡೆ ಮಕ್ಕಳಿಗೂ ಹೀಗೇ ಆಗಿದೆ ಅಂದೆಯಲ್ಲ. ಯಾರಿಗಾದ್ರೂ ಮಲ ಪರೀಕ್ಷೆ ಮಾಡ್ಸಿದಾರಾ? ಈಗ ಕೆಲವು ಕ್ರಿಮಿಗೆ ಮಾಮೂಲಿ ಔಷಧಿ ಹಿಡಿಯಲ್ಲ. ನಾವು ಕಳ್ಸಿರೋ ರಿಪೋರ್ಟು ಬರೋಕೆ ಮೂರು ದಿನ ಆಗುತ್ತೆ. ಅಲ್ಲಿ ಬಂದಿದ್ರೆ ಇವತ್ತೇ ಸರಿಯಾದ್ದು ಕೊಡ್ಬಹುದು. ಬೇಗ ಕೇಳ್ಕೊಂಡು ಬಾ."

ಅಷ್ಟರಲ್ಲಿ ಬೆಲ್ಲದಬಾಯಿಯದೇ ಫೋನು ಬಂತು. ಹತ್ತು ಗಂಟೆಗೆ ಹೆತ್ತವರ ಸಭೆ ಇದೆ, ನೀನು ಬರಲೇಬೇಕು ಎಂದಳು. ಮಗಳು ಆಸ್ಪತ್ರೆಯಲ್ಲಿದ್ದಾಳೆ ಎಂದೆ. "ಅರ್ಧ ಗಂಟೆ ಅಷ್ಟೇ ಕಣಮ್ಮ," ಎಂದಳು. ನಾನು ರಿಪೋರ್ಟು ಕೇಳಲು ಹೋದೆ. ಅವಳಿಗಾಗಿ ಅಲ್ಲ.

ಆಟದ ಹಾಲಿನಲ್ಲಿ ಕುರ್ಚಿ ಹಾಕಿದ್ದರು. ಹದಿನೈದು ಇಪ್ಪತ್ತು ಮಂದಿ ಹೆತ್ತವರು, ಕೆಲವರ ತೊಡೆಯ ಮೇಲೆ ಮಕ್ಕಳು. ಮೇಡಂ ಮೇಜಿನ ಪಕ್ಕದ ಮೂಲೆಯಲ್ಲಿ ಆರೋಗ್ಯ ಕಚೇರಿಯಿಂದ ಬಂದ ಒಬ್ಬ ನರ್ಸಮ್ಮ. ಐವತ್ತು ದಾಟಿದವರು, ತೊಡೆಯ ಮೇಲೆ ಫೈಲು. ಯಾಕೆ ಬಂದಿದ್ದಾರೆಂದು ಯಾರಿಗೂ ಹೇಳಿರಲಿಲ್ಲ. ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ನಾನು ಮೇಡಂ ಹತ್ತಿರ ಹೋಗಿ ಪಿಸುದನಿಯಲ್ಲಿ ಕೇಳಿದೆ. "ಯಾವ ಮಗುವಿಂದಾದ್ರೂ ರಿಪೋರ್ಟು ಬಂದಿದೆಯಾ ಮೇಡಂ? ನನ್ನ ಮಗಳಿಗೆ..."

"ಯಾರದೂ ಬಂದಿಲ್ಲ. ಅಲ್ಲಿ ನಿಂತ್ಕೊ."

ಅಲ್ಲಿ ಅಡಿಗೆಯಕ್ಕ ಆಗಲೇ ನಿಂತಿದ್ದಳು, ಗೋಡೆಗೆ ಬೆನ್ನು ಕೊಟ್ಟು. ಬೆಲ್ಲದಬಾಯಿ ಮಾತು ಶುರು ಮಾಡಿದಳು. ನಮ್ಮ ಸೆಂಟರಿನ ಸ್ವಚ್ಛತೆ ನಿಮಗೆಲ್ಲ ಗೊತ್ತೇ ಇದೆ. ಮಕ್ಕಳೇ ನಮ್ಮ ದೇವರು. ಆದರೆ ಕೆಲಸದವರು ಎಂಥೆಂಥ ಕಡೆಯಿಂದ ಬರುತ್ತಾರೆ, ಅಲ್ಲಿ ನೀರು ಹೇಗಿರುತ್ತದೆ, ಚರಂಡಿ ಹೇಗಿರುತ್ತದೆ, ನಾವು ಎಷ್ಟು ಹೇಳಿಕೊಟ್ಟರೂ... ಅವಳು ವಾಕ್ಯ ಮುಗಿಸಲಿಲ್ಲ. ಅವಳ ಬದಲಿಗೆ ಹೆತ್ತವರ ತಲೆಗಳು ಮುಗಿಸಿದವು. ಎಲ್ಲವೂ ನಮ್ಮ ಕಡೆ ತಿರುಗಿದವು.

"ಇವತ್ತಿಂದ ಇವರಿಬ್ಬರ ಕೈ ದಿನಾ ನಾನೇ ನೋಡ್ತೀನಿ. ನಿಮ್ಮ ಎದುರಿಗೇ ಶುರು ಮಾಡೋಣ. ಎಲ್ಲಿ, ಕೈ ತೋರ್ಸಿ."

ಅಡಿಗೆಯಕ್ಕ ಎರಡೂ ಕೈ ಮುಂದೆ ಚಾಚಿದಳು. ಮೂವತ್ತು ವರ್ಷ ಪಾತ್ರೆ ಉಜ್ಜಿದ ಕೈ. ಬೆರಳ ತುದಿ ಒಡೆದು ಕಪ್ಪುಗಟ್ಟಿತ್ತು. ಮುಂದಿನ ಸಾಲಿನಲ್ಲಿದ್ದ ವಕೀಲ ಮಗಳನ್ನು ಕಂಕುಳಿಗೆ ಏರಿಸಿಕೊಂಡು ಎದ್ದು ಬಂದ. ಫೋನ್ ಹತ್ತಿರ ಹಿಡಿದು ಆ ಉಗುರುಗಳ ಫೋಟೋ ತೆಗೆದ. "ನೋಡಿ, ಇದೇ ಕೈಯಲ್ಲಿ ನಮ್ಮ ಮಕ್ಕಳಿಗೆ ಹಣ್ಣು ಹೆಚ್ಚೋದು," ಎಂದ. ಯಾರೋ ನಾಲಿಗೆ ಲೊಚಗುಟ್ಟಿದರು. ಅಡಿಗೆಯಕ್ಕ ಕೈ ಇಳಿಸಲಿಲ್ಲ. ಇಳಿಸು ಎಂದು ಯಾರೂ ಹೇಳಿರಲಿಲ್ಲವಲ್ಲ.

ಆಮೇಲೆ ಬೆಲ್ಲದಬಾಯಿ ಎರಡು ಪ್ಲಾಸ್ಟಿಕ್ ಡಬ್ಬಿ ಎತ್ತಿ ತೋರಿಸಿದಳು. ಬೆರಳುದ್ದದ ಡಬ್ಬಿಗಳು, ನೀಲಿ ಮುಚ್ಚಳ. "ಇವರಿಬ್ಬರದೂ ಮಲ ಪರೀಕ್ಷೆ ಮಾಡಿಸ್ತೀವಿ. ಮತ್ತೆ ಇದೊಂದು ಹೇಳಿಕೆಗೆ ಸಹಿ ಹಾಕ್ತಾರೆ." ಹಾಳೆಯನ್ನು ನನ್ನ ಕಡೆ ಚಾಚಿದಳು. ಓದಿದೆ. ನಾನು ಏಳನೆಯ ಕ್ಲಾಸು. 'ನನ್ನ ನಿರ್ಲಕ್ಷ್ಯದಿಂದ' ಎಂಬಲ್ಲಿಗೆ ನಿಂತೆ.

"ಟೀಚರುಗಳದ್ದು?" ಎಂದೆ.

"ಏನು?"

"ಟೀಚರುಗಳಿಗೆ ಡಬ್ಬಿ ಎಲ್ಲಿ? ನಿಮಗೆ ಎಲ್ಲಿ? ನೀವು ಯಾರೂ ಹೇಲಲ್ವಾ ಮೇಡಂ?"

ಹಿಂದಿನ ಸಾಲಿನಲ್ಲಿ ಒಂದು ಮಗು ಬಿಕ್ಕುತ್ತಿತ್ತು. ನಾನು ಹಾಳೆಯನ್ನು ಅವಳ ಮೇಜಿನ ಮೇಲೆ ಮಗುಚಿ ಇಟ್ಟೆ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.

"ಕೈ ತೋರ್ಸು ಅಂದೆ." ಮೊದಲ ಸಲ ಅವಳ ದನಿಯ ಬೆಲ್ಲ ಕರಗಿತು.

"ತೋರ್ಸಲ್ಲ. ಅಕ್ಕ, ನೀನೂ ಇಳ್ಸು."

"ಉಂಡ ಮನೆಗೆ ಎರಡು ಬಗೀತೀಯಾ?"

"ಇಲ್ಲಿ ನಾನು ಉಂಡಿದ್ದು ಯಾವಾಗ ಮೇಡಂ? ಬಾಚಿದ್ದೇ ಬಾಚಿದ್ದು."

ಆಗಲೇ ವಕೀಲನ ಕಂಕುಳಲ್ಲಿದ್ದ ಮಗು ಮುಲುಗಿತು. ಆ ಸದ್ದು ನನಗೆ ಗೊತ್ತು. ಮರುಕ್ಷಣ ಅವನ ಬಿಳಿ ಅಂಗಿಯ ಪಕ್ಕೆ ಹಳದಿಯಾಯಿತು, ಪ್ಯಾಂಟಿನ ಮೇಲೆ ಇಳಿಯಿತು. ಅವನು ಮಗುವನ್ನು ಕಂಕುಳು ಹಿಡಿದು ಮೈಯಿಂದ ದೂರ ಎತ್ತಿದ, ಸೋರುವ ಚೀಲ ಎತ್ತುವ ಹಾಗೆ. ಎತ್ತಿ ಸೀದಾ ನನ್ನ ಕಡೆ ಚಾಚಿದ. ಯೋಚನೆಯೇ ಇಲ್ಲದೆ ಚಾಚಿದ. ಅಭ್ಯಾಸ.

"ತಗೋ, ತಗೋ, ಬೇಗ."

ನನ್ನ ಕೈ ತಾನಾಗಿ ಮುಂದೆ ಹೋಗಲು ನೋಡಿತು. ಆರು ವರ್ಷದ ಅಭ್ಯಾಸ ನನ್ನದೂ. ಆ ಮಗು ನನ್ನನ್ನು ನೋಡಿ ತೋಳು ಚಾಚಿತು. ಅದರ ತಪ್ಪೇನಿಲ್ಲ. ಬೆನ್ನ ಹಿಂದೆ ಒಂದು ಕೈಯಿಂದ ಇನ್ನೊಂದರ ಮಣಿಕಟ್ಟು ಹಿಡಿದುಕೊಂಡೆ.

"ಈ ಕೈಯಲ್ಲಾ ಸಾರ್? ಬೇಡ. ಕೊಳಕು ಕೈ. ಫೋಟೋ ತೆಗ್ದಿದೀರಲ್ಲ, ನೋಡ್ಕೊಳ್ಳಿ."

"ಏಯ್! ಮಗು ಗಲೀಜಾಗಿದೆ!"

"ಕಾಣ್ತಿದೆ. ನಿಮ್ಮದೇ ಮಗು. ಒರೆಸೋ ರೂಮು ಅಲ್ಲಿದೆ. ಮೊದಲು ಪಾದ ಎರಡೂ ಒಂದೇ ಕೈಲಿ ಹಿಡೀಬೇಕು. ನಿಮ್ಮ ಕೈ ಚೊಕ್ಕವಾಗೇ ಇದೆ, ಮಾಡಿ."

ಟೀಚರುಗಳು ಗೋಡೆಯ ಚಿತ್ರ ನೋಡುತ್ತಿದ್ದರು. ಬೆಲ್ಲದಬಾಯಿ ಎರಡು ಹೆಜ್ಜೆ ಹಿಂದೆ ಸರಿದಳು. ಮಕ್ಕಳೇ ದೇವರು ಎಂದವಳು ದೇವರಿಗೆ ಮೈ ತಾಗದ ಹಾಗೆ ಸೀರೆ ಎತ್ತಿ ಹಿಡಿದಳು. ಬೇರೆ ದಾರಿಯಿಲ್ಲದೆ ವಕೀಲ ಮಗುವನ್ನು ಹಾಗೇ ತೂಗಿಸಿಕೊಂಡು ಒರೆಸೋ ರೂಮಿಗೆ ಓಡಿದ. ಒಳಗಿಂದ ನಲ್ಲಿ ತಿರುಗಿಸುವ ಕಿರ್ ಸದ್ದು ಬಂತು. ಮತ್ತೆ ಬಂತು. ಆಮೇಲೆ ಅವನ ಕೂಗು.

"ನೀರೇ ಬರ್ತಿಲ್ಲ!"

"ಬರಲ್ಲ ಸಾರ್," ಎಂದು ಅಡಿಗೆಯಕ್ಕ ಗೋಡೆ ಬಿಟ್ಟು ಮುಂದೆ ಬಂದಳು. "ನಾಲ್ಕು ತಿಂಗಳಾಯ್ತು ವಾಲ್ವ್ ಮುಚ್ಚಿ. ನೀರು ಬೇಕಂದ್ರೆ ಅಂಗಳಕ್ಕೆ ಹೋಗಿ. ಇಲ್ಲಾಂದ್ರೆ ಕಾರಂಜಿ ಇದೆ."

ಹೆತ್ತವರು ಎದ್ದು ಒಬ್ಬರ ಹಿಂದೆ ಒಬ್ಬರು ಒರೆಸೋ ರೂಮಿನ ಬಾಗಿಲಿಗೆ ಹೋದರು. ವರ್ಷಗಟ್ಟಲೆ ಮಕ್ಕಳನ್ನು ಬಿಟ್ಟವರು, ಆ ಬಾಗಿಲ ಒಳಗೆ ಇಣುಕಿದ್ದು ಅದೇ ಮೊದಲು. ಹರಿದ ರೆಕ್ಸಿನ್ ನೋಡಿದರು. ಕೈಯಲ್ಲಿ ಎತ್ತುವ ಡಬ್ಬಿ ನೋಡಿದರು. ಬ್ಯಾಂಕಿನಾಕೆ ಬಾಯಿಗೆ ಕೈ ಅಡ್ಡ ಹಿಡಿದಳು. ನನಗೆ ಅವರ ಮೇಲೆ ಕನಿಕರ ಬರಲಿಲ್ಲ. ನಲ್ಲಿ ತಿರುಗಿಸಿ ನೋಡದೆ ಯಾರೂ ಬಾಡಿಗೆಗೆ ಮನೆ ಹಿಡಿಯುವುದಿಲ್ಲ. ಮಗುವನ್ನು ಕಾರಂಜಿ ನೋಡಿ ಬಿಟ್ಟಿದ್ದರು.

ನರ್ಸಮ್ಮ ಎದ್ದರು. ಸಿಂಕಿನ ನಲ್ಲಿಯನ್ನು ತಾವೇ ತಿರುಗಿಸಿದರು. ಸ್ಯಾನಿಟೈಸರ್ ಬಾಟಲಿ ಎತ್ತಿ ನೋಡಿ ಕೆಳಗಿಟ್ಟರು. ಆಮೇಲೆ ಬೆಲ್ಲದಬಾಯಿಯ ಎದುರು ಬಂದು ಫೈಲಿನಿಂದ ಒಂದು ಹಾಳೆ ತೆಗೆದರು.

"ಯಾವ ಮಗುವಿನ ರಿಪೋರ್ಟೂ ಬಂದಿಲ್ಲ ಅಂತ ಈಗ ಆಯಾಗೆ ಹೇಳಿದ್ರಿ. ಕೇಳಿಸ್ಕೊಂಡೆ. ಇದು ಹೋದ ಶುಕ್ರವಾರದ್ದು. ಇಂಥ ರೋಗ ಸಿಕ್ಕಿದ್ರೆ ಲ್ಯಾಬ್‌ನವರು ನಮಗೂ ಒಂದು ಪ್ರತಿ ಕಳಿಸ್ತಾರೆ. ಎರಡೂವರೆ ವರ್ಷದ ಗಂಡು ಮಗು. ಆಮಶಂಕೆಯ ಕ್ರಿಮಿ. ತಗೊಂಡು ಹೋಗಿ ಪರೀಕ್ಷೆ ಮಾಡ್ಸಿದ್ದು ಅಜ್ಜಿ ಅಂತ ಬರೆದಿದೆ. ಅಜ್ಜಿ ನೀವೇ ತಾನೆ?"

ಶುಕ್ರವಾರ. ಲೋಟ, ಚಮಚ ಬೇರೆ ಮಾಡಿಸಿದ ಶುಕ್ರವಾರ. ಆ ದಿನದವರೆಗೆ ಕಾಯಿಲೆಯಾದ ಮಕ್ಕಳು ನಾಲ್ಕೇ. ಅವಳಿಗೆ ಗೊತ್ತಿತ್ತು. ಮೊಮ್ಮಗನಿಗೆ ಔಷಧಿ ಕೊಡಿಸಿ, ರಿಪೋರ್ಟನ್ನು ಮಡಿಚಿ ಒಳಗಿಟ್ಟು, ಆರು ದಿನ ಸುಮ್ಮನಿದ್ದಳು. ಅಡಿಗೆಯಕ್ಕ ಜೋರಾಗಿಯೇ ಹೇಳಿದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ನಾವೇನಾ ಮೇಡಂ ಆ ಎಮ್ಮೆ?"

ಹಾಲು ಒಡೆದ ಹಾಗೆ ಸಭೆ ಒಡೆಯಿತು. ಎಲ್ಲರೂ ಒಟ್ಟಿಗೆ ಕಿರುಚತೊಡಗಿದರು. ವಕೀಲ ಅಂಗಿಯ ತುಂಬ ಹೇಲು ಮೆತ್ತಿಕೊಂಡು ಕಾಯಿದೆ ಹೇಳುತ್ತಿದ್ದ. ನನಗೆ ಅದನ್ನೆಲ್ಲ ನೋಡಲು ಹೊತ್ತಿರಲಿಲ್ಲ. ನರ್ಸಮ್ಮನ ಸೆರಗು ಹಿಡಿದೆ.

"ಆ ಕ್ರಿಮಿಗೆ ಯಾವ ಔಷಧಿ ಹಿಡಿಯುತ್ತೆ ಅಂತ ಬರ್ದಿದೆಯಾ ಅಮ್ಮ? ನನ್ನ ಮಗಳು ಆಸ್ಪತ್ರೇಲಿ ಮಲಗಿದಾಳೆ."

ಅವರು ನನ್ನ ಮುಖ ನೋಡಿದರು. ಒಂದು ಚೀಟಿಯಲ್ಲಿ ಎರಡು ಸಾಲು ಬರೆದುಕೊಟ್ಟರು. ನಾನು ಓಡಿದೆ.

ಡಾಕ್ಟರು ಚೀಟಿ ನೋಡಿ ಔಷಧಿ ಬದಲಿಸಿದರು. ಮೊದಲು ಕೊಡುತ್ತಿದ್ದದ್ದು ಆ ಕ್ರಿಮಿಗೆ ಹಿಡಿಯದ ಔಷಧಿಯೇ ಆಗಿತ್ತು. ಇನ್ನೆರಡು ದಿನ ಅದನ್ನೇ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಲಿಲ್ಲ. ಶುಕ್ರವಾರ ರಾತ್ರಿ ಜ್ವರ ಇಳಿಯಿತು. ಶನಿವಾರ ಬೆಳಿಗ್ಗೆ ಬಜಾರಿ ಡ್ರಿಪ್ಪಿನ ಕೊಳವೆ ಕಿತ್ತು ಹಾಕಿ ವಾರ್ಡು ಹಾರಿಹೋಗುವಂತೆ ಕಿರುಚಿದಳು. "ಬಂತು ನೋಡೇ ಜೀವ," ಎಂದು ಅತ್ತೆ ಮೂಗು ಒರೆಸಿಕೊಂಡರು.

ಅದೇ ಮಧ್ಯಾಹ್ನ ನರ್ಸಮ್ಮ ಬಂದರು. ಕೈಯಲ್ಲಿ ಕಾಯಿಲೆಯಾದ ಮಕ್ಕಳ ಪಟ್ಟಿ. ಯಾವ ಮಗುವಿಗೆ ಯಾವ ದಿನ ಶುರುವಾಯಿತು ಎಂದು ನನ್ನನ್ನು ಕೇಳಬೇಕಿತ್ತು. ಮೇಡಂ ಹೇಳುವ ದಿನಾಂಕಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲವಂತೆ. ನಾನು ಒಂದೊಂದಾಗಿ ಹೇಳಿದೆ. ದಿನ, ಹೊತ್ತು, ಬಣ್ಣ, ರಕ್ತ ಇತ್ತೋ ಇಲ್ಲವೋ. ಅವರು ಬರೆದುಕೊಂಡರು. ಹನ್ನೊಂದು ಸಾಲು ತುಂಬಿತು. ಪೆನ್ನು ಮುಚ್ಚಲು ಹೋದರು.

"ಇನ್ನೊಂದು ಇದೆ," ಎಂದೆ.

"ಯಾರು?"

ಮಂಚದ ಕಡೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡರು. "ಇದು ಸೆಂಟರಿಗೆ ಬರೋ ಮಕ್ಕಳ ಪಟ್ಟಿ ಕಣಮ್ಮ."

"ಸೆಂಟರಿಗೆ ಅವಳನ್ನ ಸೇರಿಸ್ಕೊಳ್ಳಲಿಲ್ಲ. ಸೆಂಟರಿನ ಕಾಯಿಲೆ ಮಾತ್ರ ಸೇರಿಸ್ಕೊಳ್ತು. ಬರೀರಿ."

ನರ್ಸಮ್ಮ ಹಾಳೆಯನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಹೆಸರು ಕೇಳಿ ಬರೆದರು. ವಯಸ್ಸು ಬರೆದರು. ಸಾಲಿನ ಮುಂದೆ ಹನ್ನೆರಡು ಎಂದು ಹಾಕಿದರು.

ಆ ಹನ್ನೆರಡು ಎಷ್ಟು ಭಾರದ್ದು ಎಂದು ನನಗೆ ಸೋಮವಾರ ಗೊತ್ತಾಯಿತು. ಬೆಲ್ಲದಬಾಯಿ ವಾರ್ಡಿಗೆ ಬಂದಳು. ಮೂಗಿಗೆ ಕರವಸ್ತ್ರ, ಕೈಯಲ್ಲಿ ಹಣ್ಣಿನ ಬುಟ್ಟಿ. ಎಲ್ಲಿ ಕೂರುವುದೆಂದು ನೋಡಿದಳು. ಕೂರುವಂಥದ್ದು ಅವಳಿಗೆ ಏನೂ ಕಾಣಲಿಲ್ಲ.

"ಹೇಗಿದಾನೆ ಮಗ?"

"ಮಗಳು," ಎಂದರು ಅತ್ತೆ.

"ಹಾಂ, ಮಗಳು. ಪಾಪ." ಅವಳು ನನ್ನ ಹತ್ತಿರ ಸರಿದು ದನಿ ತಗ್ಗಿಸಿದಳು. "ನೋಡಮ್ಮ, ಆಗಿದ್ದು ಆಗಿಹೋಯ್ತು. ಹನ್ನೊಂದು ಮನೆಯವರ ಹತ್ರಾನೂ ನಾನು ಮಾತಾಡಿದೀನಿ. ಅವರಿಗೂ ಮಕ್ಕಳನ್ನ ಬಿಡೋಕೆ ಜಾಗ ಬೇಕಲ್ಲ, ಯಾರೂ ಮುಂದುವರಿಸಲ್ಲ. ಆಸ್ಪತ್ರೆ ಸೇರಿದ್ದು ನಿನ್ನ ಮಗಳೊಬ್ಬಳೇ. ಅವಳು ಪಟ್ಟೀಲಿರೋವರೆಗೂ ವಿಚಾರಣೆ ಮಾಡಲೇಬೇಕಂತೆ. ಅವಳು ನಮ್ಮಲ್ಲಿಗೆ ಬಂದವಳೇ ಅಲ್ಲ. ಬೇರೆ ಎಲ್ಲೋ ಅಂಟಿರಬಹುದು ಅಂತ ಒಂದು ಮಾತು ಹೇಳು ಸಾಕು. ನಿನ್ನ ಕೆಲಸ ನಿನಗೇ. ಅವಳನ್ನೂ ಕರ್ಕೊಂಡು ಬಾ. ಎಲ್ಲ ಮಕ್ಕಳ ಜೊತೆ ಆಡ್ಲಿ. ನನ್ನ ಮನಸ್ಸಲ್ಲಿ ಎಲ್ಲ ಮಕ್ಕಳೂ..."

"ಒಂದೇ," ಎಂದೆ. "ಗೊತ್ತು. ಸಾಯೋಕೆ ಬಿಟ್ಟಿದ್ರಲ್ಲ, ಆ ಮಗು ಮಾತ್ರ ಬೇರೆ."

"ಹಾಗೆಲ್ಲ ಮಾತಾಡ್ಬಾರ್ದು ಕಣೇ."

"ನಿಮಗೆ ಮಾತಿನದ್ದೇ ಚಿಂತೆ ಮೇಡಂ. ಹೋಗಿ. ಹೆಸರು ತೆಗ್ಸಲ್ಲ."

ಅವಳು ಅತ್ತೆಯ ಕಡೆ ತಿರುಗಿದಳು, ಹಿರಿಯರು ನೀವಾದರೂ ಹೇಳಿ ಎನ್ನುವ ಹಾಗೆ. ಅತ್ತೆ ಬುಟ್ಟಿಯಿಂದ ಒಂದು ಕಿತ್ತಳೆ ತೆಗೆದುಕೊಂಡು ಸಿಪ್ಪೆ ಸುಲಿಯುತ್ತಿದ್ದರು. ಒಂದು ತೊಳೆ ಬಾಯಿಗೆ ಹಾಕಿಕೊಂಡು ಬೀಜ ಉಗಿದರು.

"ಹುಳಿ," ಎಂದರು. "ಬುಟ್ಟಿ ತಗೊಂಡು ಹೋಗಮ್ಮ. ಬಾಗಿಲು ಆ ಕಡೆ."

ವಿಚಾರಣೆ ನಡೆಯಿತು. ನಾನು ಹೇಳಿದೆ, ಅಡಿಗೆಯಕ್ಕ ಹೇಳಿದಳು. ಹೆತ್ತವರಲ್ಲಿ ಬಂದದ್ದು ಒಬ್ಬಳೇ, ಬ್ಯಾಂಕಿನಾಕೆ. ಬೆಳಿಗ್ಗೆ ಔಷಧಿ ಕುಡಿಸಿ ಬಿಡುತ್ತಿದ್ದದ್ದು ನಿಜ ಎಂದು ತಲೆ ತಗ್ಗಿಸಿ ಒಪ್ಪಿಕೊಂಡಳು. ವಕೀಲನಿಗೆ ಅಂದು ಬೇರೆ ಕೇಸಿತ್ತಂತೆ. ಸೆಂಟರಿಗೆ ಹತ್ತೊಂಬತ್ತು ದಿನ ಬೀಗ ಬಿತ್ತು. ನೆಲ ಅಗೆದರು, ಪೈಪು ಹಾಕಿದರು, ಮೇಜಿಗೆ ಹೊಸ ಹಾಸು ಬಂತು. ಒಬ್ಬಳಿದ್ದ ಕಡೆ ಇಬ್ಬರು ಆಯಾಗಳನ್ನು ಇಟ್ಟುಕೊಳ್ಳಬೇಕೆಂದು ಬರೆದರು. ಇಟ್ಟುಕೊಂಡರು. ಆ ಇಬ್ಬರಲ್ಲಿ ನಾನಿಲ್ಲ. ಅಡಿಗೆಯಕ್ಕನೂ ಇಲ್ಲ. ಬೆಲ್ಲದಬಾಯಿ ಈಗಲೂ ಮುಂಬಾಗಿಲಲ್ಲಿ ನಿಂತು ಮಕ್ಕಳ ಕೆನ್ನೆ ಸವರುತ್ತಾಳಂತೆ. ಸವರಲಿ. ಈಗಲಾದರೂ ಕೈ ತೊಳೆಯಲು ನೀರಿದೆ.

ನಾವಿಬ್ಬರೂ ಒಂದು ಹಾಸ್ಟೆಲಿನ ಅಡಿಗೆಮನೆಯಲ್ಲಿ ಕೆಲಸ ಹಿಡಿದೆವು. ಅಲ್ಲಿ ಎಲ್ಲರೂ ದೊಡ್ಡವರು, ತಮ್ಮದನ್ನು ತಾವೇ ತೊಳೆದುಕೊಳ್ಳುತ್ತಾರೆ.

ಎರಡು ತಿಂಗಳ ಮೇಲೆ ಒಂದು ದಿನ ಬಿಡುವು ಸಿಕ್ಕಿತು. ಆರೋಗ್ಯ ಕಚೇರಿಗೆ ಹೋದೆ. ವಿಚಾರಣೆಯ ವರದಿ ಅಲ್ಲಿರುತ್ತದೆ, ಕೇಳಿದರೆ ಪ್ರತಿ ಕೊಡಬೇಕು ಎಂದು ನರ್ಸಮ್ಮ ಹೇಳಿದ್ದರು. ಕಿಟಕಿಯ ಆಚೆ ಕೂತಿದ್ದ ಗುಮಾಸ್ತ ನನ್ನ ಮುಖ ನೋಡಿದ, ಸೀರೆ ನೋಡಿದ, ಕೈಯಲ್ಲಿದ್ದ ಚೀಲ ನೋಡಿದ.

"ಅದೆಲ್ಲ ಸಂಬಂಧಪಟ್ಟವರಿಗೆ ಮಾತ್ರ. ನೀನು ಅಲ್ಲಿ ಕೆಲಸದವಳಾ?"

"ಆಗಿದ್ದೆ."

"ಕೆಲಸದವರಿಗೆ ಕೊಡಲ್ಲ. ಹೆತ್ತವರು ಬಂದ್ರೆ ಕೊಡ್ತೀವಿ."

ಚೀಲವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ.

"ಬಂದಿದೀನಿ," ಎಂದೆ. "ಹನ್ನೆರಡನೇ ಸಾಲು. ಹೆತ್ತವಳು ನಾನೇ. ತೆಗೀರಿ."